ಒಣಗಿದ ಎಲೆ ಕೀಳ್ಬೇಡಿ: ಮರದ ಮೇಲಿನ ಜರಿಗಿಡ ಮನೆ ನೆರಳಲ್ಲಿ ಬೆಳೆಸೋದು ಹೇಗೆ

ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಬರುವಾಗ ಬಸ್ಸಿನ ಕಿಟಕಿ ಪಕ್ಕ ಕೂತು ಸ್ವಲ್ಪ ಮೇಲೆ ನೋಡಿ, ಕಾಫಿ ತೋಟದ ಹಳೇ ಅತ್ತಿ ಮರ, ಹಲಸಿನ ಮರದ ಕವಲಲ್ಲಿ ಗೂಡು ಕಟ್ಟಿದ ಹಾಗೆ ಕಂದು ಎಲೆ ಒತ್ತೊತ್ತಾಗಿ ಅಂಟ್ಕೊಂಡಿರತ್ತೆ, ಅದರ ಮಧ್ಯದಿಂದ ಉದ್ದುದ್ದ ಹಸಿರು ಗರಿ ಹೊರಗೆ ಚಾಚಿರತ್ತೆ. ನಮ್ಮ ಕಡೆ ಇದಕ್ಕೂ ಜರಿಗಿಡ ಅಂತಾರೆ, ತೋಡಿನ ಬದಿ ಬೆಳೆಯೋದಕ್ಕೂ ಜರಿಗಿಡ ಅಂತಾರೆ. ಬಾಟನಿಯವರ ಹೆಸರು ಡ್ರೈನೇರಿಯಾ ಕ್ವೆರ್ಸಿಫೋಲಿಯಾ, ಬುಡದ ಗಿಡ್ಡ ಕಂದು ಎಲೆ ಓಕ್ ಮರದ ಎಲೆ ಥರ ಇರೋದಕ್ಕೆ ಆ ಹೆಸರು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಹೆಸರಿಟ್ಟಾಗ ಬೇರೆ ಕುಲಕ್ಕೆ (ಜೀನಸ್‌ಗೆ) ಸೇರಿಸಿದ್ದ, ಕುಲ ಆಮೇಲೆ ಬದಲಾಯ್ತು, ಓಕ್ ಎಲೆ ಮಾತ್ರ ಹಂಗೇ ಉಳ್ಕೊಳ್ತು. ಓಕ್ ಮರ ನಮ್ಮೂರಲ್ಲಿ ಯಾರು ನೋಡಿದಾರೆ ಬಿಡಿ, ಸಿಲ್ವರ್ ಓಕ್ ಅಂತ ತೋಟದಲ್ಲಿರೋದು ನಿಜವಾದ ಓಕ್ ಅಲ್ಲ.

ನಾನು ಮೊದಲ ಸಲ ಇದನ್ನ ತಂದಾಗ ಮಾಡಿದ್ದು ಇಷ್ಟು: ಚೆಂದದ ಪ್ಲಾಸ್ಟಿಕ್ ಪಾಟು ತಗೊಂಡೆ, ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ಗೆಡ್ಡೆ ಪೂರ್ತಿ ಮುಚ್ಚಿದೆ, ಕಂದು ಎಲೆ ಅಸಹ್ಯವಾಗಿ ಕಾಣತ್ತೆ ಅಂತ ಕತ್ತರಿ ತಗೊಂಡು ಎಲ್ಲಾ ಕ್ಲೀನ್ ಮಾಡಿದೆ, ದಿನಕ್ಕೆ ಎರಡು ಸಲ ನೀರು. ಒಂದೂವರೆ ತಿಂಗಳಿಗೆ ಗೆಡ್ಡೆ ಕೊಳೆತು ಕೈಗೆ ಬಂತು. ಅಮ್ಮ ನೋಡಿ, "ಮರದ ಮೇಲೆ ಯಾರು ಮಣ್ಣು ಹೊತ್ಕೊಂಡು ಹೋಗಿ ಹಾಕಿದ್ರು ಅದಕ್ಕೆ?" ಅಂದ್ರು, ಅಷ್ಟೇ.

ಆ ಕಂದು ಎಲೆ ಇದ್ಯಲ್ಲ, ಅದು ಒಣಗಿದ್ರೂ ಕೆಲಸಕ್ಕೆ ಬಾರದ ಎಲೆ ಅಲ್ಲ. ಈ ಗಿಡದಲ್ಲಿ ಎಲೆ ಎರಡು ಜಾತಿ. ಒಂದು ಹಸಿರು ಗರಿ, ಉದ್ದ ತೊಟ್ಟು, ಅಡಿಯಲ್ಲಿ ಬೀಜಕಣದ ಚುಕ್ಕಿ. ಇನ್ನೊಂದು ಗಿಡ್ಡ, ಅಗಲ, ತೊಟ್ಟೇ ಇಲ್ಲ, ಹುಟ್ಟುವಾಗ ಹಸಿರಾಗಿದ್ದು ಬೇಗ ಕಂದಾಗಿ ಕಾಗದದ ಥರ ಗಟ್ಟಿಯಾಗತ್ತೆ, ಬೀಳೋದೇ ಇಲ್ಲ. ಮೇಲಿಂದ ಉದುರೋ ತರಗೆಲೆ, ಧೂಳು, ಹಕ್ಕಿ ಹಿಕ್ಕೆ ಎಲ್ಲಾ ಅದರೊಳಗೆ ಬಿದ್ದು ಕೊಳೆತು ಗೊಬ್ಬರ ಆಗತ್ತೆ, ಬೇರು ಅಲ್ಲೇ ನೀರೂ ಊಟಾನೂ ಹುಡುಕ್ಕೊಳತ್ತೆ. ಅಂದ್ರೆ ಗಿಡ ತನ್ನ ಕುಂಡ ತಾನೇ ಮಾಡ್ಕೊಂಡಿದೆ, ನಾನು ಆ ಕುಂಡ ಕತ್ತರಿಸಿ ಎಸೆದು ಅಂಗಡಿ ಕುಂಡ ಕೊಟ್ಟಿದ್ದೆ.

ಈಗ ಗಿಡ ಎಲ್ಲಿಂದ ತರೋದು. ಕಾಡಿಗೆ ಹೋಗಿ ಕೀಳೋದು ಬೇಡ, ರಿಸರ್ವ್ ಫಾರೆಸ್ಟಿಂದ ಗಿಡ ತರೋದು ಅಪರಾಧ, ಅದರ ಅಗತ್ಯಾನೂ ಇಲ್ಲ. ತೋಟದಲ್ಲಿ ಮರಗಸಿ ಮಾಡುವಾಗ ಕಡಿದ ಕೊಂಬೆ ಜೊತೆ ಇವು ರಾಶಿ ರಾಶಿ ಕೆಳಗೆ ಬಿದ್ದಿರ್ತಾವೆ, ನೆಂಟರ ತೋಟ ಇದ್ರೆ ಮೊದಲೇ ಒಂದು ಫೋನ್ ಮಾಡಿ ಎತ್ತಿಡೋಕೆ ಹೇಳಿ. ಗೆಡ್ಡೆ ಹೆಬ್ಬೆರಳು ದಪ್ಪ ಇರತ್ತೆ, ಮೇಲೆಲ್ಲ ಕಂದು ಕೂದಲು. ಒಂದು ಗೇಣುದ್ದದ ತುಂಡು ಸಾಕು, ಆದ್ರೆ ತುದಿ ಇರ್ಲೇಬೇಕು, ಬೆಳೆಯೋದು ತುದಿಯಿಂದ. ಅದರ ಜೊತೆ ಒಂದೆರಡು ಕಂದು ಎಲೆ ಹಾಗೇ ಇರ್ಲಿ. ಬೇಸಿಗೆಯಲ್ಲಿ ಸಿಕ್ಕಿದ್ರೆ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಟ್ಟು ಒಂದೆರಡು ಮಳೆ ಬಿದ್ದ ಮೇಲೆ ಕಟ್ಟಿ, ಮಳೆಗಾಲ ಪೂರ್ತಿ ಸಿಕ್ಕಿದ್ರೆ ಬೇರು ಕಚ್ಚೋಕೆ ಟೈಮ್ ಸಿಗತ್ತೆ.

ಜಾಗ. ಬೆಳಗಿನ ಎಳೆ ಬಿಸಿಲು ಬಿದ್ರೆ ಒಳ್ಳೇದೇ, ಹನ್ನೊಂದರಿಂದ ನಾಲ್ಕರವರೆಗಿನ ಬಿಸಿಲು ಮಾತ್ರ ಬೇಡ. ಹಂಗಂತ ಬಚ್ಚಲ ಹಿಂದಿನ ಕತ್ತಲೆ ಮೂಲೆಗೂ ಹಾಕ್ಬೇಡಿ, ಕಾಫಿ ಗಿಡಕ್ಕೆ ಬೀಳೋ ಥರದ ಚದುರಿದ ಬೆಳಕು ಇದಕ್ಕೆ ಸರಿ. ಮಾವು, ಹಲಸಿನ ಥರ ತೊಗಟೆ ಒರಟಾಗಿರೋ ಮರ ಆರಿಸಿ. ಪೇರಲೆ, ನೀಲಗಿರಿ ಬೇಡ, ಅವು ತೊಗಟೆ ಸುಲಿದು ಬಿಸಾಕ್ತಾವೆ, ಜೊತೆಗೆ ನಿಮ್ಮ ಜರೀನೂ ಬೀಳತ್ತೆ.

ಕಟ್ಟೋದೇ ಮುಖ್ಯ ಕೆಲಸ, ಇಲ್ಲಿ ಅವಸರ ಬೇಡ. ತೆಂಗಿನ ಸಿಪ್ಪೆ ಒಂದು ರಾತ್ರಿ ನೀರಲ್ಲಿ ನೆನೆಹಾಕಿ ಹಿಂಡಿ, ನಾರು ಬಿಡಿಸಿ ಅಂಗೈ ಅಗಲದ ಹಾಸಿಗೆ ಮಾಡಿ, ಮರದ ಕವಲಿಗೆ ಇಲ್ಲಾ ಕಾಂಡಕ್ಕೆ ಒತ್ತಿ ಹಿಡಿದು, ಅದರ ಮೇಲೆ ಗೆಡ್ಡೆ ಇಟ್ಟು, ತುದಿ ಮೇಲ್ಮುಖವಾಗಿರೋ ಹಾಗೆ, ತೆಂಗಿನ ನಾರಿನ ಹಗ್ಗದಲ್ಲೋ ಹಳೇ ಕಾಟನ್ ಸೀರೆ ಪಟ್ಟಿಯಲ್ಲೋ ಎರಡು ಮೂರು ಕಡೆ ಬಿಗಿಯಾಗಿ ಕಟ್ಟಿ. ಅಲ್ಲಾಡ್ಬಾರ್ದು, ಅಲ್ಲಾಡಿದ್ರೆ ಹೊಸ ಬೇರು ಹಿಡಿಯೋಕೆ ಆಗಲ್ಲ. ಗೆಡ್ಡೆ ಮೇಲೆ ಏನೂ ಮುಚ್ಚಬೇಡಿ, ಅದಕ್ಕೆ ಗಾಳಿ ಬೇಕು. ತಂತಿ ಬೇಡ, ಮರ ದಪ್ಪ ಆದ ಹಾಗೆ ತೊಗಟೆ ಕೊಯ್ಯತ್ತೆ. ನಾರಿನ ಹಗ್ಗ ಆದ್ರೆ ತಾನಾಗೇ ಲಡ್ಡಾಗಿ ಉದುರತ್ತೆ, ಅಷ್ಟರಲ್ಲಿ ಗಿಡ ಮರ ಹಿಡಿದಿರತ್ತೆ.

ಮರ ಇಲ್ಲದವರು ಬೇಜಾರಾಗ್ಬೇಡಿ. ಅಗಲ ಬಾಯಿನ ಮಣ್ಣಿನ ಕುಂಡದ ತಳಕ್ಕೆ ಹೆಂಚಿನ ಚೂರು, ಮೇಲೆ ತೆಂಗಿನ ಸಿಪ್ಪೆ ತುಂಡು, ಇದ್ದಿಲು, ಒಂದು ಹಿಡಿ ತರಗೆಲೆ ಗೊಬ್ಬರ, ಗೆಡ್ಡೆ ಮೇಲ್ಗಡೆ ಸುಮ್ನೆ ಇಟ್ಟು ಕಟ್ಟಿದ್ರೆ ಆಯ್ತು. ಮಣ್ಣು ಒಂದು ಚಮಚಾನೂ ಬೇಡ.

ಮರಕ್ಕೆ ಏನಾಗತ್ತೆ ಅಂತ ಕೇಳೋರು ಜಾಸ್ತಿ. ಇದು ಬದನಿಕೆ ಅಲ್ಲ. ಬದನಿಕೆ ಕೊಂಬೆ ಒಳಗೇ ಬೇರು ಇಳಿಸಿ ಮರದ ರಸ ಹೀರತ್ತೆ, ಜರಿ ತೊಗಟೆ ಮೇಲೆ ಕೂತಿರತ್ತೆ ಅಷ್ಟೇ. ಹಳೇ ಜರಿ ಮಳೆಯಲ್ಲಿ ನೆನೆದ್ರೆ ಮಾತ್ರ ಭಾರ ಜಾಸ್ತಿ, ಆದ್ದರಿಂದ ಒಣಕಲು ಕೊಂಬೆಗೆ ಕಟ್ಬೇಡಿ.

ನೀರು ಮೊದಲ ಒಂದೆರಡು ತಿಂಗಳು ಮಳೆ ಬಿಡುವು ಕೊಟ್ಟ ದಿನ ಸ್ಪ್ರೇ ಮಾಡಿ, ಮಳೆ ಸುರೀತಿದ್ರೆ ನೀವು ಒಳಗೆ ಕೂತು ಕಾಫಿ ಕುಡೀರಿ. ಮೂಡಿಗೆರೆ, ಸಕಲೇಶಪುರದ ಕಡೆ ಆಮೇಲೆ ಹೆಚ್ಚು ಕೆಲಸ ಇಲ್ಲ, ಕಡೂರು ಅರಸೀಕೆರೆ ಕಡೆಯವರು ಚಳಿಗಾಲದಿಂದಲೇ ವಾರಕ್ಕೆ ಎರಡು ಮೂರು ಸಲ ಹಾಕ್ಬೇಕಾಗತ್ತೆ. ಬೋರ್ ನೀರು ಗಡಸಾಗಿದ್ರೆ ಎಲೆ ಮೇಲೆ ಬಿಳಿ ಕಲೆ ಕೂರತ್ತೆ, ಡ್ರಮ್ಮಲ್ಲಿ ಮಳೆ ನೀರು ಹಿಡಿದಿಟ್ಕೊಂಡ್ರೆ ಒಳ್ಳೇದು. ಫೆಬ್ರವರಿ ಮಾರ್ಚಲ್ಲಿ ಹಸಿರು ಗರಿ ಹಳದಿಯಾಗಿ ಉದುರಿ ಬರೀ ಕಂದು ಗೂಡು ಉಳಿಯತ್ತೆ. ಸತ್ತೋಯ್ತು ಅಂತ ಕಿತ್ತು ಗೊಬ್ಬರ ಗುಂಡಿಗೆ ಹಾಕೋರನ್ನ ನೋಡಿದೀನಿ. ಗೆಡ್ಡೆ ಅದುಮಿ ನೋಡಿ, ಗಟ್ಟಿ ಇದ್ರೆ ಜೀವ ಇದೆ, ಬೇಸಿಗೆಯಲ್ಲಿ ಕಾಫಿ ಹೂ ಅರಳಿಸೋ ಮಳೆ ಆದ್ಮೇಲೆ ತುದಿಯಲ್ಲಿ ಸುರುಳಿ ಚಿಗುರು ಕಾಣ್ಸತ್ತೆ.

ಗೊಬ್ಬರಕ್ಕೆ ಅಂಗಳ ಗುಡಿಸಿದ ತರಗೆಲೆ ಒಂದು ಹಿಡಿ ಕಂದು ಎಲೆ ಹಿಂದೆ ತುರುಕಿ. ಮಳೆಗಾಲದಲ್ಲಿ ತಿಂಗಳಿಗೊಂದ್ಸಲ ಸೋಸಿದ ತೆಳು ಸಗಣಿ ನೀರು ಹಾಕಿದ್ರೂ ಆಗತ್ತೆ. ಯೂರಿಯಾ ಕಡೆ ಕೈ ಹಾಕ್ಬೇಡಿ.

ಇನ್ನೊಂದು, ಗರಿ ಅಡಿಯಲ್ಲಿ ಸಾಲಾಗಿ ಕಂದು ಚುಕ್ಕಿ ಕಂಡ್ರೆ ಹುಳ ಅಂತ ಔಷಧಿ ಹೊಡೀಬೇಡಿ. ಪಕ್ಕದ್ಮನೆ ಆಂಟಿ ಸೋಪಿನ ನೀರಲ್ಲಿ ಒಂದೊಂದೇ ಎಲೆ ತಿಕ್ಕಿ ತೊಳೆದಿದ್ರು ಪಾಪ. ಅದು ಬೀಜಕಣ. ಎಲೆಗಂಟಿ ರಸ ಹೀರೋ ನಿಜವಾದ ಶಲ್ಕ ಕೀಟ ಆದ್ರೆ ಅಡ್ಡಾದಿಡ್ಡಿ ಇರತ್ತೆ, ಉಗುರಲ್ಲಿ ಕೆರೆದ್ರೆ ಒಂದೇ ತುಂಡಾಗಿ ಎದ್ದು ಬರತ್ತೆ, ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿದ್ರೆ ಹೋಗತ್ತೆ. ಬಸವನಹುಳ ಬಂದು ಎಳೆ ಸುರುಳಿ ತಿಂದು ಹಾಕೋದೇ ದೊಡ್ಡ ಕಾಟ, ರಾತ್ರಿ ಊಟ ಆದ್ಮೇಲೆ ಟಾರ್ಚ್ ಹಿಡ್ಕೊಂಡು ಆರಿಸೋದು ಬಿಟ್ರೆ ನನಗೆ ಬೇರೆ ದಾರಿ ಸಿಕ್ಕಿಲ್ಲ.

ಬೀಜಕಣದಿಂದ ಬೆಳೆಸ್ಬೋದು, ಆದ್ರೆ ಮೊದಲು ಪಾಚಿ ಥರದ ಹಸಿರು ಪೊರೆ ಬಂದು ಅದರಿಂದ ಗಿಡ ಆಗೋಕೆ ತಿಂಗಳುಗಟ್ಟಲೆ ಕಾಯ್ಬೇಕು. ಅದಕ್ಕಿಂತ ಎರಡು ಮೂರು ವರ್ಷದಲ್ಲಿ ಗೆಡ್ಡೆ ಕವಲೊಡೆದು ಹರಡಿದ್ಮೇಲೆ, ಜೂನಲ್ಲಿ ಹರಿತವಾದ ಕತ್ತಿಯಲ್ಲಿ ತುದಿ ಸಮೇತ ಒಂದು ಗೇಣು ಕತ್ತರಿಸಿ, ಕೊಯ್ದ ಜಾಗಕ್ಕೆ ಒಲೆ ಬೂದಿ ಹಚ್ಚಿ, ಪಕ್ಕದ ಮರಕ್ಕೆ ಕಟ್ಟೋದೇ ಸಲೀಸು.