ಹೆಣ್ಣು ಸೌತೆಯಲ್ಲಿ ಗಂಡು ಹೂವು ಬರಿಸುವ ಬೆಳ್ಳಿ ನೀರು

ಸೌತೆಯಲ್ಲಿ ಬರೀ ಹೆಣ್ಣು ಹೂವು ಬಿಡುವ ತಳಿಗಳಿವೆ. ಕಾಯಿಗೇನೋ ಚೆನ್ನ. ಆದರೆ ಅದೇ ತಳಿಯ ಬೀಜ ಉಳಿಸಬೇಕೆಂದರೆ ಗಂಡು ಹೂವು ಎಲ್ಲಿಂದ ತರುವುದು? ಇದಕ್ಕೆ ಉಪಾಯ ಬೆಳ್ಳಿ. ಸೌತೆ ಬಳ್ಳಿಯಲ್ಲಿ ಹೆಣ್ಣು ಹೂವು ಬರಿಸುವುದು ಗಿಡದೊಳಗೇ ಹುಟ್ಟುವ ಎಥಿಲೀನ್ ಅನಿಲ. ಬೆಳ್ಳಿಯ ಅಯಾನು, ಅಂದರೆ ನೀರಲ್ಲಿ ಕರಗಿದ ವಿದ್ಯುದಂಶವಿರುವ ಬೆಳ್ಳಿ ಕಣ, ಅದರ ಕೆಲಸ ನಡೆಯದಂತೆ ತಡೆಯುತ್ತದೆ. ಆಗ ಹೆಣ್ಣು ಬಳ್ಳಿಯಲ್ಲೇ ಗಂಡು ಹೂವು ಬರುತ್ತದೆ. ತಳಿ ಅಭಿವೃದ್ಧಿ ಮಾಡುವವರು ಸಿಲ್ವರ್ ನೈಟ್ರೇಟ್ ಬಳಸುತ್ತಾರೆ. ಅದು ತುಂಬಾ ಜೋರು, ಆದರೆ ಕೈ ಸುಡುವ ಸರಕು. ಮಕ್ಕಳಿರುವ ಮನೆಗೆ ಬೇಡವೇ ಬೇಡ. ಹಿತ್ತಲಿನ ನಾಲ್ಕು ಬಳ್ಳಿಗೆ ಕೊಲಾಯ್ಡಲ್ ಸಿಲ್ವರ್, ಅಂದರೆ ಬೆಳ್ಳಿಯ ಅತಿ ಸಣ್ಣ ಕಣಗಳಿರುವ ಬೆಳ್ಳಿ ನೀರು, ಸಾಕು. ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಬೇಕಾಗುವುದು ಇಷ್ಟು: ಗೇಣುದ್ದದ ಎರಡು ಬೆಳ್ಳಿ ತಂತಿ, 9 ವೋಲ್ಟಿನ ಮೂರು ಬ್ಯಾಟರಿ, ಕ್ಲಿಪ್ ಇರುವ ವೈರು, ಗಾಜಿನ ಲೋಟ, ಕರೆಂಟು ಅಳೆಯುವ ಮಲ್ಟಿಮೀಟರ್, ಡಿಸ್ಟಿಲ್ಡ್ ವಾಟರ್. ತಂತಿಯನ್ನು ಅಕ್ಕಸಾಲಿಗರ ಹತ್ತಿರ 999 ಶುದ್ಧತೆಯದ್ದೇ ಎಂದು ಹೇಳಿ ಮಾಡಿಸಿ. ಹಳೆ ಕಾಲ್ಗೆಜ್ಜೆ ತುಂಡು ಸಾಲದು, ಅದರಲ್ಲಿ ತಾಮ್ರ ಬೆರೆತಿರುತ್ತದೆ. ತಾಮ್ರ ನೀರಿಗಿಳಿದರೆ ಎಳೆ ಎಲೆ ಸುಡುತ್ತದೆ. ಲಕ್ಷ್ಮಿ ನಾಣ್ಯದ ಮೇಲೆ 999 ಮುದ್ರೆ ಇರುತ್ತದೆ, ನಿಜ. ಅದನ್ನು ಕರಗಿಸಲು ಮನೆಯಲ್ಲಿ ಬಿಡುತ್ತಾರಾ?

ಇನ್ನು ನೀರು. ಹತ್ತರಲ್ಲಿ ಒಂಬತ್ತು ಜನ ಕೆಡಿಸುವುದು ಇಲ್ಲೇ. ನಮ್ಮ ದಾವಣಗೆರೆ, ಚಿತ್ರದುರ್ಗದ ಬೋರ್‌ವೆಲ್ ನೀರು ಎಂಥದ್ದು ಅಂತ ಪಾತ್ರೆಯ ತಳ ನೋಡಿದರೆ ಗೊತ್ತಾಗುತ್ತದೆ. ಆ ನೀರಿನಲ್ಲಿ ಕ್ಲೋರೈಡ್ ಇರುತ್ತದೆ. ಬೆಳ್ಳಿ ಅದರ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗಿ, ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ನೋಡಿದವರು "ಆಹಾ, ಬೆಳ್ಳಿ ಬಂತು" ಅಂತ ಖುಷಿಪಡುತ್ತಾರೆ. ಅದು ನೀರಲ್ಲಿ ಕರಗದ ಪುಡಿ, ತಳಕ್ಕೆ ಕೂರುತ್ತದೆ, ಗಿಡಕ್ಕೆ ಪ್ರಯೋಜನವಿಲ್ಲ. ಕುದಿಸಿ ಆರಿಸಿದ ನೀರೂ ಆಗದು, ಕುದಿಸಿದರೆ ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಫಿಲ್ಟರ್ ಘಟಕದ ಕ್ಯಾನ್ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತನ್ನಿ. ಬ್ಯಾಟರಿಗೆ ಹಾಕುವ ನೀರು ತಂದರೆ, ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ಟಿಡಿಎಸ್ ಮೀಟರ್ ಅದ್ದಿ ನೋಡಿ. ಸೊನ್ನೆ ಅಥವಾ ಒಂದು ತೋರಿಸಿದರೆ ಬಳಸಿ, ಇಲ್ಲದಿದ್ದರೆ ಬೈಕಿನ ಬ್ಯಾಟರಿಗೇ ಇರಲಿ. ಲೋಟವನ್ನೂ ಅದೇ ನೀರಿನಿಂದ ಕೊನೆಗೊಮ್ಮೆ ಜಾಲಾಡಿಸಿ. ನಲ್ಲಿ ನೀರಲ್ಲಿ ತೊಳೆದ ಲೋಟದ ಹನಿಗಳೂ ತೊಂದರೆ ಕೊಡುತ್ತವೆ. ಬೇಗ ಆಗಲಿ ಅಂತ ಚಿಟಿಕೆ ಉಪ್ಪು ಹಾಕಿ ಎನ್ನುವ ವಿಡಿಯೊಗಳನ್ನು ಅಲ್ಲಿಗೇ ನಿಲ್ಲಿಸಿ.

ಅರ್ಧ ಲೀಟರ್ ನೀರಿಗೆ ಎರಡೂ ತಂತಿ ಇಳಿಬಿಡಿ. ನಡುವೆ ಎರಡು ಬೆರಳು ಅಂತರವಿರಲಿ, ಒಂದಕ್ಕೊಂದು ತಾಗಬಾರದು, ಕ್ಲಿಪ್ ನೀರು ಮುಟ್ಟಬಾರದು. ಮೂರು ಬ್ಯಾಟರಿಯನ್ನು ಸಾಲಾಗಿ ಜೋಡಿಸಿದರೆ 27 ವೋಲ್ಟ್. ಗೋಡೆಯ ಪ್ಲಗ್ಗಿನ ಕರೆಂಟು ಮಾತ್ರ ಈ ಲೋಟದ ಹತ್ತಿರ ಬರಕೂಡದು, ಜೀವಕ್ಕೇ ಅಪಾಯ. ಮಲ್ಟಿಮೀಟರನ್ನು ಸರ್ಕ್ಯೂಟಿನ ಮಧ್ಯೆ ಸೇರಿಸಿ. ಶುರುವಿನಲ್ಲಿ ಏನೂ ನಡೆಯದ ಹಾಗೆ ಕಾಣುತ್ತದೆ. ಕಾಯಿರಿ, ಶುದ್ಧ ನೀರಿನಲ್ಲಿ ಕರೆಂಟು ಸುಲಭಕ್ಕೆ ಹರಿಯುವುದಿಲ್ಲ. ಒಂದು ಮಿಲಿಆಂಪಿಯರ್ ಕರೆಂಟು ಒಂದು ಗಂಟೆ ಹರಿದರೆ ಸುಮಾರು 4 ಮಿಲಿಗ್ರಾಂ ಬೆಳ್ಳಿ ಕರಗುತ್ತದೆ. ಅಂದರೆ ಅರ್ಧ ಲೀಟರಿನಲ್ಲಿ 8 ಪಿಪಿಎಂ (ಲೀಟರಿಗೆ 8 ಮಿಲಿಗ್ರಾಂ). ನಮಗೆ ಬೇಕಾದದ್ದು 30ರ ಆಸುಪಾಸು. ಸ್ವಲ್ಪ ಬೆಳ್ಳಿ ತಂತಿಗೇ ಮೆತ್ತಿಕೊಳ್ಳುವುದರಿಂದ ನಾಲ್ಕು ಗಂಟೆಗಿಂತ ತುಸು ಜಾಸ್ತಿಯೇ ಬಿಡಿ. ಕರೆಂಟು ಹೆಚ್ಚುತ್ತಾ ಹೋದರೆ ಅಷ್ಟು ಸಮಯ ಕಡಿಮೆ ಮಾಡಿ. ಆಗಾಗ ಗಾಜಿನ ಕಡ್ಡಿಯಿಂದ ಕಲಕಿ, ಮೈನಸ್ ತಂತಿಗೆ ಹತ್ತುವ ಕಪ್ಪು ಬೂಷ್ಟನ್ನು ಬಟ್ಟೆಯಲ್ಲಿ ಒರೆಸಿ, ತಂತಿಗಳನ್ನು ಅದಲುಬದಲು ಮಾಡಿ.

ನೀರು ತಿಳಿಯಾಗಿದ್ದರೆ ಅಥವಾ ತೀರಾ ತೆಳು ಹಳದಿಯಾಗಿದ್ದರೆ ಸರಿ. ಬೂದಿ ಬಣ್ಣಕ್ಕೆ ತಿರುಗಿದರೆ ಕಣಗಳು ದಪ್ಪವಾಗಿವೆ, ಚೆಲ್ಲಿಬಿಡಿ. ಕಂದು ಬಾಟಲಿಯಲ್ಲಿ ಕತ್ತಲಲ್ಲಿಡಿ, "ಕುಡಿಯಬೇಡಿ" ಅಂತ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಇದನ್ನು ಆರೋಗ್ಯಕ್ಕೆ ಅಂತ ಕುಡಿದು, ಮೈ ಬಣ್ಣ ನೀಲಿ-ಬೂದಿಯಾಗಿ ಹಾಗೇ ಉಳಿದವರಿದ್ದಾರೆ. ಆನ್‌ಲೈನಿನಲ್ಲಿ ಸಿಗುವ ಸಿಲ್ವರ್ ಪ್ರೋಟೀನ್ ಬಾಟಲಿಗಳನ್ನು ಗಿಡಕ್ಕೂ ತರಬೇಡಿ, ಸ್ಪ್ರೇಯರ್ ಕಟ್ಟಿಕೊಳ್ಳುತ್ತದೆ.

ಸಿಂಪಡಿಸುವುದು ಸುಲಭ. ಸಸಿಗೆ ಎರಡು ಮೂರು ನಿಜವಾದ ಎಲೆ ಬಂದಾಗ ಶುರು ಮಾಡಿ. ದಿನಾ ಸಂಜೆ ಕುಡಿ ತೊಯ್ಯುವಂತೆ ಹೊಡೆಯಿರಿ, ಗಂಡು ಮೊಗ್ಗು ಕಾಣುವವರೆಗೆ. ಬುಡದಲ್ಲಿ ಪುಟ್ಟ ಕಾಯಿ ಇಲ್ಲದೆ ಸಣ್ಣ ತೊಟ್ಟಿನಲ್ಲಿ ಗೊಂಚಲಾಗಿ ಬರುವುದೇ ಗಂಡು. ಬೀಜಕ್ಕೆ ಬೇಕಾದ ಹೆಣ್ಣು ಹೂವಿಗಾಗಿ ಅದೇ ತಳಿಯ ಇನ್ನೊಂದು ಬಳ್ಳಿಯನ್ನು ದೂರದಲ್ಲಿ ಸಿಂಪಡಿಸದೆ ಬಿಡಿ. ಹಿಂದಿನ ಸಂಜೆಯೇ ಎರಡೂ ಮೊಗ್ಗುಗಳಿಗೆ ದಾರ ಕಟ್ಟಿ, ಇಲ್ಲದಿದ್ದರೆ ಜೇನುನೊಣ ಪಕ್ಕದ ಹೊಲದ ಪರಾಗ ತಂದುಬಿಡುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಗಂಡು ಹೂವಿನ ದಳ ಕಿತ್ತು, ಅದರ ಪರಾಗವನ್ನು ಹೆಣ್ಣು ಹೂವಿನ ನಡುವಿನ ಶಲಾಕಾಗ್ರಕ್ಕೆ ಮೆತ್ತಗೆ ಸವರಿ, ಮತ್ತೆ ಕಟ್ಟಿ. ಕಾಯಿ ಹಳದಿಯಾಗುವವರೆಗೆ ಬಳ್ಳಿಯಲ್ಲೇ ಇರಲಿ. ಸಿಂಪಡಿಸಿದ ಬಳ್ಳಿಯ ಕಾಯಿಯನ್ನು ಪಲ್ಯಕ್ಕೂ ಹಾಕಬೇಡಿ, ದನಕ್ಕೂ ಹಾಕಬೇಡಿ.

ಅಂಗಡಿಯ ಹೈಬ್ರಿಡ್ ಬೀಜದಿಂದ ಬೆಳೆದ ಬಳ್ಳಿಯಾದರೆ ಒಂದು ಮಾತು. ಅದರ ಮರಿ ಬೀಜ ಬಿತ್ತಿದಾಗ ಎಲ್ಲ ಬಳ್ಳಿಯೂ ತಾಯಿಯ ಹಾಗೆ ಬರುವುದಿಲ್ಲ. ಕೆಲವಕ್ಕೆ ತಾವಾಗಿಯೇ ಗಂಡು ಹೂವು ಬರುತ್ತದೆ. ಆ ಬಳ್ಳಿಗಳನ್ನು ಕಿತ್ತು, ಬರೀ ಹೆಣ್ಣು ಹೂವು ಬಿಟ್ಟವಕ್ಕೆ ಮುಂದಿನ ಸಲ ಬೆಳ್ಳಿ ನೀರು ಹೊಡೆಯಿರಿ.