ಡಿಸೆಂಬರ್ ದೆಹಲಿ: ಬಿಸಿಲು ನೋಡಿಕೊಂಡು ಹೊರಡಿ

ದೆಹಲಿಗೆ ಮೊದಲ ಸಲ ಹೋದಾಗ ಬೆಳಿಗ್ಗೆ ಏಳಕ್ಕೇ ಕುತುಬ್ ಮಿನಾರ್ ಗೇಟಿನ ಮುಂದೆ ನಿಂತಿದ್ದೆ. ರಶ್ ಆಗುವ ಮೊದಲೇ ನೋಡಿಬಿಡೋಣ ಅಂತ. ರಶ್ ಇರಲಿಲ್ಲ, ನಿಜ. ಮಿನಾರೂ ಇರಲಿಲ್ಲ! ಸುಮಾರು 73 ಮೀಟರ್ ಎತ್ತರದ ಗೋಪುರದಲ್ಲಿ ಕಂಡದ್ದು ಬುಡದ ಹತ್ತು ಹನ್ನೆರಡು ಅಡಿ. ಉಳಿದದ್ದೆಲ್ಲ ಮಂಜಿನ ಪಾಲು. ಹೊರಗೆ ಬಂದು, ಕೈ ಉಜ್ಜಿಕೊಳ್ಳುತ್ತಾ, ಮೂರು ಲೋಟ ಚಹಾ ಕುಡಿದು ಬಿಸಿಲಿಗೆ ಕಾದೆ.

ಕ್ರಿಸ್‌ಮಸ್ ರಜೆಗೆ ಹೊರಟವರು ಮ್ಯಾಪ್ ಹರಡಿಕೊಂಡು ಪಟ್ಟಿ ಮಾಡುತ್ತಾರೆ. ದೆಹಲಿಯ ಮಟ್ಟಿಗೆ ಗಡಿಯಾರ ಮುಂದಿಟ್ಟುಕೊಂಡು ಮಾಡುವುದು ವಾಸಿ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳು ದಾಟಿದ ಮೇಲೆ, ಮುಳುಗುವುದು ಐದೂವರೆ ಸುಮಾರಿಗೆ. ಮಂಜು ಬಿದ್ದ ದಿನ ಬಿಸಿಲು ಇಣುಕುವಷ್ಟರಲ್ಲಿ ಹತ್ತೋ ಹನ್ನೊಂದೋ ಆಗಿರುತ್ತದೆ. ಬಯಲಿನಲ್ಲಿ ನಿಂತು ನೋಡುವಂಥ ಜಾಗಗಳಿಗೆ ಸಿಗುವುದು ಆರೇಳು ಗಂಟೆ ಹೊತ್ತು, ಅಷ್ಟೇ.

ಮೊದಲು ಟಿಕೆಟ್

ಡಿಸೆಂಬರ್ ಕೊನೆಯ ವಾರ, ಜನವರಿ ಮೊದಲ ಹದಿನೈದು ದಿನ ದಟ್ಟ ಮಂಜಿನ ಕಾಲ. ವಿಮಾನದಲ್ಲಿ ಹೋಗುವವರು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರೊಳಗೆ ತಲುಪುವಂಥದ್ದು ಹಿಡಿಯಿರಿ. ಬೆಳಗಿನ ವಿಮಾನ ತಡವಾಗುವುದು, ಬೇರೆ ಊರಿಗೆ ತಿರುಗುವುದು ಆಗ ಮಾಮೂಲಿ. ರೈಲುಗಳದೂ ಅದೇ ಕತೆ. ಹೀಗಾಗಿ ಇಳಿದ ದಿನ ಏನನ್ನೂ ಇಟ್ಟುಕೊಳ್ಳಬೇಡಿ.

ಟರ್ಮಿನಲ್ 3ರಲ್ಲಿ ಇಳಿದರೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ ಸುಮಾರು ಇಪ್ಪತ್ತು ನಿಮಿಷದಲ್ಲಿ ನವದೆಹಲಿ ರೈಲು ನಿಲ್ದಾಣದ ಪಕ್ಕ ಬಿಡುತ್ತದೆ. ಟರ್ಮಿನಲ್ 1 ಆದರೆ ಮೆಜೆಂಟಾ ಲೈನ್. ಎರಡೂ ಟರ್ಮಿನಲ್‌ಗಳು ದೂರ ದೂರ ಇವೆ. ವಾಪಸ್ ಹೊರಡುವಾಗ ನಿಮ್ಮದು ಯಾವುದು ಅಂತ ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ರೂಮು ಹುಡುಕುವಾಗ ಒಂದೇ ನಿಯಮ: ಮೆಟ್ರೊದ ಹಳದಿ ಲೈನಿನ ಯಾವುದಾದರೂ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಇರಲಿ. ಫೋನಿನಲ್ಲಿ ಗೀಸರ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಹೀಟರ್ ಬಗ್ಗೆ ಕೇಳುವುದನ್ನು ಮರೆಯುತ್ತಾರೆ. ರಾತ್ರಿ ಏಳೆಂಟು ಡಿಗ್ರಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುವ ಊರದು.

ಸೋಮವಾರಕ್ಕೊಂದು ಗುರುತು ಹಾಕಿ

ಕೆಂಪು ಕೋಟೆ, ಅಕ್ಷರಧಾಮ, ಲೋಟಸ್ ಟೆಂಪಲ್, ರಾಷ್ಟ್ರೀಯ ವಸ್ತುಸಂಗ್ರಹಾಲಯ, ರೈಲು ಮ್ಯೂಸಿಯಂ, ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯ, ಇಷ್ಟಕ್ಕೂ ಸೋಮವಾರ ಬೀಗ. ಹುಮಾಯೂನ್ ಸಮಾಧಿ, ಕುತುಬ್ ಮಿನಾರ್, ಲೋಧಿ ಗಾರ್ಡನ್ ತೆರೆದಿರುತ್ತವೆ. ಹಾಗಾಗಿ ಸೋಮವಾರ ಆ ಮೂರರ ದಿನ. ಭಾನುವಾರ ಚಾಂದನಿ ಚೌಕದ ಬಹಳಷ್ಟು ಅಂಗಡಿಗಳ ಬಾಗಿಲು ಹಾಕಿರುತ್ತದೆ. ಆದರೆ ಅಂದೇ ದೆಹಲಿ ಗೇಟ್ ಮೆಟ್ರೊ ಹತ್ತಿರದ ಮಹಿಳಾ ಹಾಟ್‌ನಲ್ಲಿ ಹಳೇ ಪುಸ್ತಕಗಳ ಸಂತೆ. ಪುಸ್ತಕದ ಹುಚ್ಚಿದ್ದರೆ ಅರ್ಧ ದಿನ ಅಲ್ಲೇ ಹೋಗುತ್ತದೆ, ಬ್ಯಾಗಿನ ತೂಕ ನಿಮ್ಮ ಹಣೆಬರಹ.

ಆಗ್ರಾ ಸೇರಿಸಿಕೊಳ್ಳುವವರಿಗೆ ಇನ್ನೊಂದು: ತಾಜ್ ಮಹಲ್‌ಗೆ ಶುಕ್ರವಾರ ರಜೆ. ಸೂರ್ಯೋದಯದ ತಾಜ್ ಎಂಬ ಆಸೆಯನ್ನು ಬೇರೆ ತಿಂಗಳಿಗೆ ಇಟ್ಟುಕೊಳ್ಳಿ. ಮಂಜಿನಲ್ಲಿ ಅಷ್ಟು ದೊಡ್ಡ ಗುಮ್ಮಟವೂ ಮಾಯ. ನಸುಕಿನಲ್ಲಿ ಕಾರು ಮಾಡಿಕೊಂಡು ಯಮುನಾ ಎಕ್ಸ್‌ಪ್ರೆಸ್‌ವೇ ಹಿಡಿಯಲೇಬೇಡಿ. ಮಂಜಿನ ದಿನಗಳಲ್ಲಿ ಅಲ್ಲಿ ಒಂದರ ಹಿಂದೆ ಒಂದು ಗಾಡಿ ಗುದ್ದಿಕೊಂಡ ಸುದ್ದಿ ಬರುತ್ತಲೇ ಇರುತ್ತದೆ. ಹಜರತ್ ನಿಜಾಮುದ್ದೀನ್ ನಿಲ್ದಾಣದಿಂದ ಬೆಳಿಗ್ಗೆ ಹೊರಡುವ ಗತಿಮಾನ್ ರೈಲು ತಡವಾದರೂ ಪರವಾಗಿಲ್ಲ, ಒಳಗೆ ಬೆಚ್ಚಗೆ ಕೂತಿರಬಹುದು ಅಲ್ವಾ.

ಮೆಟ್ರೊ ಹತ್ತುವುದು ಹೀಗೆ

ದೆಹಲಿ ಮೆಟ್ರೊದಲ್ಲಿ ಜನ ಮೊದಲ ಸಲ ಓಡಾಡಿದ್ದು 2002ರ ಡಿಸೆಂಬರ್ 25ರಂದು. ಈಗಲೂ ಆ ವಾರ ಅದರ ಮೇಲೇ ಎಲ್ಲರ ಕಣ್ಣು. ಟಿಕೆಟ್ ಕೌಂಟರಿನ ಸಾಲು ತಪ್ಪಿಸಲು ಮೊದಲ ದಿನವೇ ಸ್ಮಾರ್ಟ್ ಕಾರ್ಡ್ ಮಾಡಿಸಿ. ಒಂದು ಕಾರ್ಡಿಗೆ ಒಬ್ಬರೇ. ಮನೆಮಂದಿಯೆಲ್ಲ ಹೊರಟಿದ್ದರೆ ಫೋನಿನಲ್ಲೇ ಕ್ಯೂಆರ್ ಟಿಕೆಟ್ ತೆಗೆದುಕೊಳ್ಳುವುದು ಸುಲಭ.

ಒಳಹೋಗುವಾಗ ಬ್ಯಾಗು ಯಂತ್ರದೊಳಗೆ ಹೋಗಬೇಕು, ಮೈ ತಪಾಸಣೆ ಆಗಬೇಕು. ಮೂರು ಪದರ ಬಟ್ಟೆ ಹಾಕಿಕೊಂಡವರ ಜೇಬು ಖಾಲಿಯಾಗಲು ಹೊತ್ತು ಹಿಡಿಯುತ್ತದೆ. ಫೋನು, ಚಿಲ್ಲರೆ, ಬೀಗದ ಕೈ ಎಲ್ಲ ಮೊದಲೇ ಬ್ಯಾಗಿಗೆ ಹಾಕಿಬಿಡಿ. ಪ್ಲಾಟ್‌ಫಾರಂ ಬೋರ್ಡಿನ ಮೇಲೆ ಇರುವುದು ಲೈನಿನ ಕೊನೆಯ ನಿಲ್ದಾಣದ ಹೆಸರು. ಹಳದಿ ಲೈನಿನಲ್ಲಿ ಕುತುಬ್ ಕಡೆ ಹೋಗಬೇಕಾದರೆ ಮಿಲೇನಿಯಂ ಸಿಟಿ ಸೆಂಟರ್ ಗುರುಗ್ರಾಮ್, ಚಾಂದನಿ ಚೌಕದ ಕಡೆಗಾದರೆ ಸಮಯಪುರ್ ಬಾದ್ಲಿ. ಗಾಡಿ ಹೋಗುವ ದಿಕ್ಕಿನ ಮೊದಲ ಬೋಗಿ ಹೆಂಗಸರಿಗೆ. ಅಪ್ಪಿತಪ್ಪಿ ಅದರೊಳಗೆ ನುಗ್ಗುವ ಗಂಡಸರಿಗೆ ಮಾತೂ ಬೀಳುತ್ತದೆ, ದಂಡವೂ ಬೀಳಬಹುದು.

ಲೈನು ಬದಲಿಸುವ ರಾಜೀವ್ ಚೌಕ್ ಒಂದು ಜಾತ್ರೆ. ತಲೆ ಎತ್ತಿ ಬೋರ್ಡು ಹುಡುಕಬೇಡಿ, ಹಿಂದಿನವರು ತಳ್ಳಿಕೊಂಡು ಹೋಗುತ್ತಾರೆ. ತಲೆ ತಗ್ಗಿಸಿ. ನೆಲದ ಮೇಲೆ ಬಣ್ಣದ ಹೆಜ್ಜೆ ಗುರುತುಗಳಿವೆ. ಹಳದಿ ಲೈನಿಗೆ ಹಳದಿ ಹೆಜ್ಜೆ, ನೀಲಿ ಲೈನಿಗೆ ನೀಲಿ. ಮಕ್ಕಳಿಗೆ ಇದನ್ನು ಹೇಳಿಕೊಟ್ಟರೆ ಸಾಕು, ಅವರೇ ಮುಂದೆ ನಡೆದು ದಾರಿ ತೋರಿಸುತ್ತಾರೆ.

ದಿನವನ್ನು ಪಾಲು ಮಾಡಿ

ಮಂಜಿನ ಬೆಳಗು ಚಾವಣಿ ಇರುವ ಜಾಗಗಳಿಗೆ. 2024ರಲ್ಲಿ ತೆರೆದ, ನೆಲದಡಿಯ ಹುಮಾಯೂನ್ ಮ್ಯೂಸಿಯಂ ಇದಕ್ಕೆ ಹೇಳಿ ಮಾಡಿಸಿದ್ದು. ಅದನ್ನು ನೋಡಿ ಹೊರಬರುವಷ್ಟರಲ್ಲಿ ಬಿಸಿಲು ಬಂದಿರುತ್ತದೆ. ಪಕ್ಕದಲ್ಲೇ ಸಮಾಧಿ, ಅದರ ಪಕ್ಕ ಸುಂದರ್ ನರ್ಸರಿ ಎಂಬ ಉದ್ಯಾನ. ಮೂರಕ್ಕೂ ಗಾಡಿ ಹತ್ತಬೇಕಿಲ್ಲ. ಹೀಗೆ ದಿನಕ್ಕೊಂದು ದಿಕ್ಕು ಹಿಡಿದರೆ ಆಟೊ ಖರ್ಚೂ ಕಡಿಮೆ, ಮಕ್ಕಳ ರಗಳೆಯೂ ಕಡಿಮೆ. ಬೆಳಿಗ್ಗೆ ಕುತುಬ್, ಮಧ್ಯಾಹ್ನ ಕೆಂಪು ಕೋಟೆ, ಸಂಜೆ ಅಕ್ಷರಧಾಮ ಎಂದು ಒಂದೇ ದಿನಕ್ಕೆ ಬರೆದುಕೊಂಡವರು ನೋಡುವುದು ಟ್ರಾಫಿಕ್ ಮಾತ್ರ.

ಕುತುಬ್‌ಗೆ ಮಧ್ಯಾಹ್ನದ ಹೊತ್ತೇ ಸರಿ. ಮೆಟ್ರೊ ನಿಲ್ದಾಣಕ್ಕೆ ಅದರದೇ ಹೆಸರಿದ್ದರೂ ಅಲ್ಲಿಂದ ಆಟೊ ಬೇಕು. ಒಳಗಿನ ಮೆಟ್ಟಿಲು ಹತ್ತಲು ಬಿಡುವುದಿಲ್ಲ. 1981ರ ಡಿಸೆಂಬರಿನಲ್ಲಿ ಒಳಗೆ ನೂಕುನುಗ್ಗಲಾಗಿ 45 ಜನ ಸತ್ತ ಮೇಲೆ ಬಾಗಿಲು ಮುಚ್ಚಿದ್ದು, ಮತ್ತೆ ತೆರೆದಿಲ್ಲ.

ಅಕ್ಷರಧಾಮಕ್ಕೆ ಫೋನು, ಕ್ಯಾಮೆರಾ ಒಯ್ಯುವಂತಿಲ್ಲ. ಠೇವಣಿ ಇಡುವ ಸಾಲು, ಆಮೇಲೆ ತಪಾಸಣೆಯ ಸಾಲು. ರಜೆಯ ದಿನ ಇಷ್ಟಕ್ಕೇ ಒಂದು ಗಂಟೆ ಹೋದರೆ ಆಶ್ಚರ್ಯವಿಲ್ಲ. ಬೇರೆ ಬೇರೆಯಾದರೆ ಎಲ್ಲಿ ಸೇರುವುದು ಅಂತ ಫೋನು ಕೊಡುವ ಮೊದಲೇ ಮಾತಾಡಿಕೊಳ್ಳಿ.

ಚಾಂದನಿ ಚೌಕಕ್ಕೆ ಕಾಲೇ ಗಾಡಿ

ಕೆಂಪು ಕೋಟೆಯಿಂದ ಫತೇಪುರಿ ಮಸೀದಿವರೆಗಿನ ಮುಖ್ಯ ರಸ್ತೆಯಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ಗಾಡಿಗಳಿಗೆ ಪ್ರವೇಶವಿಲ್ಲ. ಕ್ಯಾಬ್ ಹಿಡಿದರೆ ಅರ್ಧ ದಾರಿಯಲ್ಲೇ ಇಳಿಸುತ್ತಾರೆ. ಹಳದಿ ಲೈನಿನ ಚಾಂದನಿ ಚೌಕ್, ಇಲ್ಲವೇ ನೇರಳೆ ಲೈನಿನ ಲಾಲ್ ಕಿಲಾ ನಿಲ್ದಾಣದಲ್ಲಿ ಇಳಿಯಿರಿ. ನಡೆಯಲಾಗದವರಿಗೆ ಸೈಕಲ್ ರಿಕ್ಷಾ ಇದೆ. ಹತ್ತುವ ಮೊದಲೇ ರೇಟು ಮಾತಾಡಿ, ತಲೆಗೆಷ್ಟೋ ಒಟ್ಟಿಗೆಷ್ಟೋ ಅಂತ ಸ್ಪಷ್ಟ ಮಾಡಿಕೊಳ್ಳಿ.

ಬೆಳಿಗ್ಗೆಯೇ ಹೋಗಬಹುದಾದ ಬಯಲು ಜಾಗ ಇದೊಂದೇ, ಕಾರಣ ದೌಲತ್ ಕೀ ಚಾಟ್. ಹೆಸರು ಚಾಟ್, ತಿನ್ನಲು ಸಿಹಿ. ಹಾಲನ್ನು ರಾತ್ರಿ ಚಳಿಯಲ್ಲಿಟ್ಟು, ಕಡೆದು, ಮೇಲೆ ಬಂದ ನೊರೆಯನ್ನಷ್ಟೇ ತೆಗೆದದ್ದು. ಬಿದಿರಿನ ಸ್ಟ್ಯಾಂಡಿನ ಮೇಲೆ ಅಗಲ ತಟ್ಟೆ, ಅದರಲ್ಲಿ ತಿಳಿ ಹಳದಿ ಗುಡ್ಡ. ದೊನ್ನೆಗೆ ಹಾಕಿ ಸಕ್ಕರೆ ಪುಡಿ, ಖೋವಾ ಉದುರಿಸಿ ಕೊಡುತ್ತಾರೆ. ಬಾಯಿಗಿಟ್ಟರೆ ಇತ್ತಾ ಇಲ್ವಾ ಅನ್ನುವಷ್ಟರಲ್ಲಿ ಇಲ್ಲ. ಬಿಸಿಲೇರಿದರೆ ನೊರೆ ಇಳಿಯುತ್ತದೆ, ಹಾಗಾಗಿ ಚಳಿಗಾಲ ಬಿಟ್ಟರೆ ಸಿಗುವುದಿಲ್ಲ. ಆಮೇಲೆ ಖಾರಿ ಬಾವಲಿಯ ಮಸಾಲೆ ಬೀದಿಗೆ ಹೋಗಿ. ಮೆಣಸಿನಕಾಯಿ ಮೂಟೆಗಳ ನಡುವೆ ಸೀನು ಗ್ಯಾರಂಟಿ.

ಕಾಲು, ಮೂಗು

ದಪ್ಪ ಜಾಕೆಟ್ ಒಂದರ ಬದಲು ತೆಳು ಬಟ್ಟೆಗಳನ್ನು ಪದರ ಪದರವಾಗಿ ಹಾಕಿ. ಬಿಸಿಲಿದ್ದ ದಿನ ಮಧ್ಯಾಹ್ನ ಇಪ್ಪತ್ತು ಡಿಗ್ರಿಯ ಆಸುಪಾಸು ಇರುತ್ತದೆ, ಒಂದೊಂದೇ ಕಳಚಬೇಕಾಗುತ್ತದೆ. ಸುಲಭವಾಗಿ ಬಿಚ್ಚುವ ಚಪ್ಪಲಿ ಅಥವಾ ಶೂ ಬೇಕೇ ಬೇಕು. ಲೋಟಸ್ ಟೆಂಪಲ್, ಜಾಮಾ ಮಸೀದಿ, ಬಂಗ್ಲಾ ಸಾಹಿಬ್ ಗುರುದ್ವಾರ ಎಲ್ಲೆಡೆ ಬರಿಗಾಲು, ಕಲ್ಲು ಹಿಮದಂತೆ ಕೊರೆಯುತ್ತದೆ. ಗುರುದ್ವಾರದಲ್ಲಿ ಪಾದ ತೊಳೆದು ಒಳಹೋಗಬೇಕು. ಒದ್ದೆ ಕಾಲಿಗೆ ಹಾಕಲು ಬ್ಯಾಗಿನಲ್ಲಿ ಒಂದು ಜೊತೆ ಒಣ ಸಾಕ್ಸ್ ಇರಲಿ.

ಗಾಳಿಯ ವಿಷಯ ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ದಿನಾ ಬೆಳಿಗ್ಗೆ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಎಂದು ಹೇಳುವ ಅಂಕಿ, ನೋಡಿ. 300 ದಾಟಿದರೆ ಎನ್95 ಮಾಸ್ಕ್ ಹಾಕಿ, 400 ದಾಟಿದ ದಿನ ಮಕ್ಕಳನ್ನೂ ಉಬ್ಬಸದವರನ್ನೂ ಬಯಲಿನಲ್ಲಿ ಸುತ್ತಿಸಬೇಡಿ. ಬಟ್ಟೆಯ ಮಾಸ್ಕ್ ಅಲ್ಲಿ ಲೆಕ್ಕಕ್ಕಿಲ್ಲ.

ಡಿಸೆಂಬರ್ 31ರ ರಾತ್ರಿ ಅಲ್ಲೇ ಇರುವವರಿಗೆ ಒಂದು ಮಾತು. ಹಿಂದಿನ ವರ್ಷಗಳಲ್ಲಿ ಅಂದು ರಾತ್ರಿ ಎಂಟರ ಇಲ್ಲವೇ ಒಂಬತ್ತರ ನಂತರ ರಾಜೀವ್ ಚೌಕ್ ನಿಲ್ದಾಣದಿಂದ ಹೊರಗೆ ಬಿಟ್ಟಿಲ್ಲ, ಅದರ ಮೇಲಿರುವ ಕನಾಟ್ ಪ್ಲೇಸ್ ಒಳಗೆ ಗಾಡಿಗಳನ್ನೂ ತಡೆದಿದ್ದಾರೆ. ಹೋಗುವುದಿದ್ದರೆ ಆ ದಿನದ ಪ್ರಕಟಣೆ ನೋಡಿ, ಬೇಗ ಹೋಗಿ ಬೇಗ ಬನ್ನಿ. ನಾನಂತೂ ಎಂಟಕ್ಕೆಲ್ಲ ರೂಮು ಸೇರಿ ರಜಾಯಿ ಹೊದೆಯುತ್ತೇನೆ. ಜನವರಿ 1ಕ್ಕೆ ಇಂಡಿಯಾ ಗೇಟ್ ಕಡೆ ತಲೆ ಹಾಕಬೇಡಿ, ಇಡೀ ದೆಹಲಿ ಅಲ್ಲಿರುತ್ತದೆ. 2ಕ್ಕೆ ಹೋಗಿ, ಬಿಸಿಲು ಬಂದ ಮೇಲೆ.