ಚೀಲ ಕಟ್ಟಿದ್ದು ಯಾರು?

ಕೆಲವು ಮಕ್ಕಳು ಹುಟ್ಟುವಾಗಲೇ ಕರುಳು ಹೊಟ್ಟೆಯ ಹೊರಗಿರುತ್ತದೆ. ಹೊಕ್ಕುಳಿನ ಪಕ್ಕ, ಹೆಚ್ಚಾಗಿ ಬಲಕ್ಕೆ, ಒಂದು ತೂತು. ಕರುಳಿನ ಮೇಲೆ ಪೊರೆಯೂ ಇರುವುದಿಲ್ಲ. ಇದಕ್ಕೆ ಗ್ಯಾಸ್ಟ್ರೋಸ್ಕೈಸಿಸ್ ಅಂತಾರೆ. ಬಸಿರಿನ ನೀರಿನಲ್ಲಿ ನೆನೆದ ಕರುಳು ಊದಿಕೊಂಡಿರುತ್ತದೆ, ಹೊಟ್ಟೆಯಲ್ಲಿ ಅಷ್ಟು ಜಾಗ ಇರುವುದಿಲ್ಲ. ಬಲವಂತವಾಗಿ ತುರುಕಿದರೆ ಉಸಿರಾಟಕ್ಕೇ ಕಷ್ಟ. ಅದಕ್ಕೆ ಕರುಳನ್ನು ಒಂದು ಚೀಲದೊಳಗಿಟ್ಟು, ದಿನಾ ಸ್ವಲ್ಪ ಸ್ವಲ್ಪ ಒತ್ತಿ ಒಳಗೆ ಕಳಿಸುತ್ತೇವೆ. ಆ ಚೀಲಕ್ಕೆ ನಾವು ಸೈಲೋ ಅನ್ನುತ್ತೇವೆ. ಹೀಗೆ ಹಂತ ಹಂತವಾಗಿ ಮಾಡುವ ದಾರಿಯನ್ನು 1967ರಲ್ಲಿ ಶುಸ್ಟರ್ ಎಂಬ ಸರ್ಜನ್ ತೋರಿಸಿದ್ದರು.

ಸ್ಪ್ರಿಂಗ್ ಉಂಗುರ ಇರುವ ರೆಡಿಮೇಡ್ ಚೀಲ ಸಿಗುತ್ತದೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ಅದು ಇರಲಿಲ್ಲ. ಒಂದು ರಾತ್ರಿ ಇಂಥ ಮಗು ಬಂತು. ಸಲೈನ್ ಬ್ಯಾಗಿನ ಒಳಮೈ ಹೇಗೂ ಸ್ಟೆರೈಲ್, ಅಂದರೆ ಕ್ರಿಮಿ ಇಲ್ಲದ್ದು, ಅಲ್ವಾ? ಥಿಯೇಟರಿನಲ್ಲಿ ಒಂದನ್ನು ಕತ್ತರಿಸಿ, ಕರುಳನ್ನು ಅದರೊಳಗಿಟ್ಟು, ಬಾಯಿಯನ್ನು ತೂತಿನ ಅಂಚಿಗೆ ಸುತ್ತ ಹೊಲಿದೆ. ಇದು ನನಗೇ ಮೊದಲು ಹೊಳೆದದ್ದೇನಲ್ಲ, ಎಷ್ಟೋ ಜನ ಮಾಡಿದ್ದಾರೆ. ಆದರೂ ಅವತ್ತು ಜಂಬದಿಂದ ಮಲಗಿದೆ.

ಬೆಳಗಿನ ಜಾವ ಸಿಸ್ಟರ್ ಎಬ್ಬಿಸಿದರು. "ಡಾಕ್ಟ್ರೇ, ಚೀಲ ಪಕ್ಕಕ್ಕೆ ವಾಲಿದೆ. ಬುಡದಲ್ಲಿ ಕರುಳು ಮಡಚಿಕೊಂಡಿದೆ, ಬಣ್ಣ ನೋಡಿ." ಗುಲಾಬಿ ಇದ್ದದ್ದು ನೀಲಿಗೆ ತಿರುಗಿತ್ತು. ನಾನು ಓಡಿ ಬರುವಷ್ಟರಲ್ಲಿ ಅವರು ಚೀಲವನ್ನು ಕೈಯಲ್ಲಿ ನೆಟ್ಟಗೆ ಹಿಡಿದಿದ್ದರು. ಆಮೇಲೆ ಬ್ಯಾಂಡೇಜ್ ಪಟ್ಟಿಯಿಂದ ಅದರ ತುದಿಯನ್ನು, ಮಗುವನ್ನು ಬೆಚ್ಚಗಿಡುವ ವಾರ್ಮರಿನ ಕಂಬಿಗೆ ಕಟ್ಟಿದರು. ಕಾಲು ಗಂಟೆಯಲ್ಲಿ ಬಣ್ಣ ಮರಳಿತು.

ಇದನ್ನು ಒಂದು ಸಭೆಯಲ್ಲಿ ಫೋಟೋ ಸಮೇತ ಹೇಳಿದೆ. ಸಿಸ್ಟರ್ ಹೆಸರು ಹೇಳಲಿಲ್ಲ. ಬೇಕಂತಲ್ಲ, ಹೊಳೆಯಲೇ ಇಲ್ಲ. ವರ್ಷಗಳ ನಂತರ ಅದೇ ಫೋಟೋ ತೋರಿಸಿ ಪಾಠ ಮಾಡುವಾಗ ಒಬ್ಬ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಕೇಳಿದ: "ಸರ್, ಈ ಪಟ್ಟಿ ಕಟ್ಟಿದ್ದು ಯಾರು?" ನನಗೆ ಮುಖ ಎತ್ತಲಾಗಲಿಲ್ಲ.

ಅವನದೇ ಇನ್ನೊಂದು ಪ್ರಶ್ನೆ: "ಹೊಲಿಗೆ ಯಾಕೆ ಬೇಕು?" ನ್ಯಾಯವಾದ ಪ್ರಶ್ನೆ. ಮೂರ್ನಾಲ್ಕು ದಿನಕ್ಕೆ ಹೊಲಿಗೆ ಅಂಚನ್ನೇ ಹರಿದುಕೊಂಡು ಬರುವುದನ್ನು ನೋಡಿದ್ದೆವು. ಅವನು ಮೆತ್ತನೆಯ ಟ್ಯೂಬನ್ನು ಬಳೆಯಂತೆ ಬಗ್ಗಿಸಿ ಚೀಲದ ಬಾಯಿಗೆ ಸೇರಿಸಿದ. ಬಳೆ ತೂತಿನೊಳಗೆ ಕೂತರೆ ಹೊಲಿಗೆ ಬೇಡ. ಗ್ಲೌಸಿಗೆ ತೂತು ಮಾಡಿ, ಡಬ್ಬಿಯ ಮೇಲೆ ಎಳೆದು ಕಟ್ಟಿ, ಅದರಲ್ಲಿ ಪ್ರಯೋಗ. ಮೊದಲನೆಯ ಬಳೆ ಜಾರಿ ಹೊರಬಂತು. ಎರಡನೆಯದು ಗಟ್ಟಿ ಜಾಸ್ತಿ, ಮಗುವಿಗೆ ಹಾಕಿದ್ದರೆ ಒಳಗಿನ ಅಂಗಗಳನ್ನು ಒತ್ತುತ್ತಿತ್ತು. ಯಾವ ಟ್ಯೂಬ್ ಸರಿ ಅಂತ ನನಗೆ ಆಗಲೇ ಅಂದಾಜಿತ್ತು. ಕೈ ಜೇಬಿನಲ್ಲಿಟ್ಟುಕೊಂಡು ಸುಮ್ನೆ ನಿಂತೆ. ಸರ್ಜನ್‌ಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. ಮರುವಾರ ಅವನೇ ಅದನ್ನು ಹುಡುಕಿಕೊಂಡು ಬಂದ. ಹೊಸದನ್ನು ರೋಗಿಗಳ ಮೇಲೆ ಬಳಸಬಹುದೇ ಎಂದು ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆಗೆ ಮಾತ್ರ ಬಹಳ ಅಲೆದೆವು.

ಮೊದಲ ಮಗುವಿಗೆ ಥಿಯೇಟರಿಗೆ ಒಯ್ಯದೆ, ಹಾಸಿಗೆಯಲ್ಲೇ ಚೀಲ ಹಾಕಿದ. ನಾನು ಟಾರ್ಚ್ ಹಿಡಿದಿದ್ದೆ. ಬಳೆ ಕೂತ ಮೇಲೆ ಅವನು ನನ್ನ ಕಡೆ ನೋಡಲಿಲ್ಲ. "ಸಿಸ್ಟರ್, ಪಟ್ಟಿ ಎಷ್ಟು ಎತ್ತರಕ್ಕೆ ಕಟ್ಟೋಣ?" ಅಂದ.